ಉಣ್ಣುವವರೂ ಉಣಿಸುವವರೂ

ಸಂಸಾರಸ್ಥರ ಮನೆಗಳಲ್ಲಿ ಹಣ ಖರ್ಚಾಗುವ ರೀತಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸ್ವಾರಸ್ಯ ಹೊಳೆಯದೆ ಇರದು. ಕಣ್ಣಿಗೆ ಕಾಣುವ ವಸ್ತುವಿನ ಮುಂದೆ ಕೈ ತಾನಾಗಿ ಸಡಿಲವಾಗುತ್ತದೆ; ಕಾಣದ ವಸ್ತುವಿನ ಮುಂದೆ ಅದೇ ಕೈ ಬಿಗಿಯಾಗುತ್ತದೆ. ಹಜಾರದ ಸೋಫಾವನ್ನು ಮನಸ್ಸಿಗೊಪ್ಪಿದ ಕೂಡಲೇ ಕೊಂಡು ತರುವ ಗೃಹಸ್ಥರು, ಗೋಡೆಯೊಳಗೆ ಹುದುಗಿಹೋಗುವ ವಿದ್ಯುತ್ ತಂತಿಗಾಗಿ ಮೂರು ಅಂಗಡಿ ಸುತ್ತಿ, ಎಲ್ಲಕ್ಕಿಂತ ಅಗ್ಗವಾದುದನ್ನು ಆರಿಸಿಕೊಂಡು, ಗೆದ್ದವರಂತೆ ಮನೆಗೆ ಬರುತ್ತಾರೆ. ಮದುವೆಯ ಚಪ್ಪರದ ಹೂವಿಗೆ ಲೆಕ್ಕವಿಲ್ಲ. ಅಡಿಗೆಯ ಭಟ್ಟರ ಕೈಕೆಳಗೆ ಬಡಿಸುವವರು ಹನ್ನೆರಡು ಮಂದಿ ಏಕೆ, ಎಂಟು ಸಾಲದೆ ಎಂಬ ಚರ್ಚೆ ಮಾತ್ರ ನಡುರಾತ್ರಿಯವರೆಗೆ ನಡೆಯುತ್ತದೆ. ಮಾನ ಹೋಗುವುದು ಹೂವು ಬಾಡಿದಾಗಲ್ಲ, ಪಂಕ್ತಿಯಲ್ಲಿ ಸಾರು ಬಾರದಿದ್ದಾಗ ಎಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ.

ಈ ಹಳೆಯ ಗುಣವೇ ಈಚಿನ ವರ್ಷಗಳಲ್ಲಿ ಹೊಸದೊಂದು ವೇಷ ತೊಟ್ಟು ಮನೆಯ ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಅಲ್ಲಿ ಹೂವಿನ ಸ್ಥಾನದಲ್ಲಿರುವುದು ಗ್ರಾಫಿಕ್ಸ್ ಕಾರ್ಡು. ಬಡಿಸುವವರ ಸ್ಥಾನದಲ್ಲಿರುವುದು ಪವರ್ ಸಪ್ಲೈ. ಪೇಟೆಯವರು ಇದನ್ನು ಎಸ್.ಎಂ.ಪಿ.ಎಸ್. ಎಂದೇ ಕರೆಯುತ್ತಾರೆ. ಮೊದಲನೆಯದು ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಯಲ್ಲಿ, ಫ್ಯಾನು ದೀಪಗಳ ಸಮೇತ, ಮದುವಣಗಿತ್ತಿಯಂತೆ ಮನೆಗೆ ಬರುತ್ತದೆ. ಎರಡನೆಯದು ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂರುವ ತಗಡಿನ ಡಬ್ಬಿ. ಒಮ್ಮೆ ತಿರುಪು ಬಿಗಿದ ಮೇಲೆ ಅದರ ಮುಖ ನೋಡುವವರಿಲ್ಲ. ಒಂದು ಉಣ್ಣುವುದು, ಇನ್ನೊಂದು ಉಣಿಸುವುದು. ಉಣ್ಣುವವರ ಹಸಿವನ್ನು ತಿಳಿಯದೆ, ಉಣಿಸುವವರ ಕಸುವನ್ನು ಅಳೆಯದೆ, ಎರಡನ್ನೂ ಒಂದೇ ಗೂಡಿನಲ್ಲಿ ಕೂಡಿಹಾಕಿದರೆ ಆಗುವ ಅನರ್ಥ ಅಷ್ಟಿಷ್ಟಲ್ಲ.

ಗ್ರಾಫಿಕ್ಸ್ ಕಾರ್ಡೆಂದರೆ ಹುಡುಗರ ಆಟದ ಸಾಮಾನು ಎಂಬ ಭಾವನೆ ಹಿರಿಯರಲ್ಲಿ ಇನ್ನೂ ಉಂಟು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಟ್ಟಡಗಳ ನಕ್ಷೆ ಬರೆಯುವ ವಿದ್ಯಾರ್ಥಿ, ಚಲನಚಿತ್ರ ಸಂಕಲಿಸುವ ತರುಣ, ಕೃತಕ ಬುದ್ಧಿಮತ್ತೆಯನ್ನು ಅಭ್ಯಾಸ ಮಾಡುವ ಎಂಜಿನಿಯರಿಂಗ್ ಹುಡುಗಿ, ಇವರೆಲ್ಲರಿಗೂ ಇಂದು ಅದು ಕಲಿಕೆಯ ಸಾಧನ. ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಚಿತ್ರ ಒಂದು ಚುಕ್ಕಿ ರಂಗೋಲಿ. ಸಾಧಾರಣ ಪರದೆಯೊಂದರಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟಿನಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಚುಕ್ಕಿಗಳು. ಚಲಿಸುವ ಚಿತ್ರವಾದರೆ ಪ್ರತಿಯೊಂದು ಚುಕ್ಕಿಯ ಬಣ್ಣವನ್ನೂ ಸೆಕೆಂಡಿಗೆ ಅರವತ್ತು ಬಾರಿ ಗುಣಿಸಿ ಹೇಳಬೇಕು. ಪ್ರೊಸೆಸರ್ ಎಂಬ ಮುಖ್ಯ ಮಿದುಳಿನಲ್ಲಿರುವುದು ಬೆರಳೆಣಿಕೆಯ ಪಂಡಿತರು. ಒಬ್ಬೊಬ್ಬರೂ ಘನ ವಿದ್ವಾಂಸರಾದರೂ ಇಷ್ಟು ಚುಕ್ಕಿಗಳನ್ನು ಎಣಿಸುವುದು ಅವರ ಕೈಯಲ್ಲಾಗುವ ಮಾತಲ್ಲ. ಅದಕ್ಕೆ ಬೇಕಾದವರು ಒಂದೇ ಬಗೆಯ ಕೆಲಸವನ್ನು ಒಟ್ಟಾಗಿ ಮಾಡುವ ಸಾವಿರಾರು ಕೂಲಿಗಳು. ಎನ್ವಿಡಿಯಾ ಸಂಸ್ಥೆ ೨೦೨೧ರಲ್ಲಿ ಹೊರತಂದ ಆರ್.ಟಿ.ಎಕ್ಸ್. ೩೦೬೦ ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಇಂತಹ ಕೂಲಿಗಳು ೩೫೮೪ ಮಂದಿ. ಆ ಬಿಲ್ಲೆಯಲ್ಲಿ ಅಡಗಿರುವ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು ೧೨೦೦ ಕೋಟಿ.

ಕೂಲಿಗಳು ಹೆಚ್ಚಿದ ಮೇಲೆ ಊಟವೂ ಹೆಚ್ಚಬೇಕಷ್ಟೆ. ಟ್ರಾನ್ಸಿಸ್ಟರೊಂದು ತೆರೆದು ಮುಚ್ಚಿದಾಗಲೆಲ್ಲ ಒಂದು ಕಿಂಚಿತ್ ವಿದ್ಯುತ್ತು ವ್ಯಯವಾಗುತ್ತದೆ. ಅದು ಬೇಗಬೇಗ ತೆರೆದು ಮುಚ್ಚಿದಷ್ಟೂ ವ್ಯಯ ಹೆಚ್ಚು. ವೋಲ್ಟನ್ನು ಏರಿಸಿದರಂತೂ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚು. ಉಂಡದ್ದೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ೧೯೯೯ರಲ್ಲಿ ಜಿಫೋರ್ಸ್ ೨೫೬ ಎಂಬ ಕಾರ್ಡು ಬಂದಾಗ, ತಾನು ಕುಳಿತ ಸೀಳಿನಿಂದಲೇ ಸಿಗುವ ಶಕ್ತಿಯಲ್ಲಿ ಅದು ಸಾಮಾನ್ಯವಾಗಿ ತೃಪ್ತಿಪಡುತ್ತಿತ್ತು. ೨೦೧೬ರ ಜಿ.ಟಿ.ಎಕ್ಸ್. ೧೦೫೦ ಟಿ.ಐ. ಎಂಬುದರ ಆಹಾರ ೭೫ ವ್ಯಾಟ್. ಮೇಲೆ ಹೇಳಿದ ೩೦೬೦ರದು ೧೭೦. ೨೦೨೨ರಲ್ಲಿ ಬಂದ ೪೦೯೦ಕ್ಕೆ ೪೫೦ ವ್ಯಾಟ್ ಬೇಕಾಯಿತು. ೨೦೨೫ರ ೫೦೯೦ಕ್ಕೆ ೫೭೫. ಹಾಗೆಂದು ಎಲ್ಲ ಹೊಸ ಕಾರ್ಡುಗಳೂ ಹೊಟ್ಟೆಬಾಕಗಳಲ್ಲ. ೨೦೨೩ರ ೪೦೬೦ ಕೇವಲ ೧೧೫ ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ. ಆದುದರಿಂದ ಕಾರ್ಡಿನ ವಯಸ್ಸನ್ನು ಕೇಳುವುದಕ್ಕಿಂತ ಅದರ ಹಸಿವನ್ನು ಕೇಳುವುದು ಲೇಸು.

ವ್ಯಾಟಿನ ಅಂಕೆಯನ್ನು ನೋಡಿ ‘ಇಷ್ಟೇ ತಾನೆ, ಇಸ್ತ್ರಿಪೆಟ್ಟಿಗೆಗಿಂತ ಕಡಿಮೆಯೇ ಆಯಿತು’ ಎನ್ನುವವರುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ಬಚ್ಚಲಮನೆಯ ೨೦೦೦ ವ್ಯಾಟಿನ ಗೀಸರು ಅದರಿಂದ ಎಳೆದುಕೊಳ್ಳುವ ಪ್ರವಾಹ ೮.೭ ಆಂಪಿಯರ್. ಅಷ್ಟಕ್ಕೇ ದಪ್ಪ ತಂತಿ, ದಪ್ಪ ಪ್ಲಗ್ಗು, ಬೇರೆ ಸ್ವಿಚ್ಚು ಎಂದು ಎಲೆಕ್ಟ್ರಿಷಿಯನ್ ಹಟ ಹಿಡಿಯುತ್ತಾನೆ. ಗ್ರಾಫಿಕ್ಸ್ ಕಾರ್ಡು ಉಣ್ಣುವುದಾದರೋ ೧೨ ವೋಲ್ಟಿನ ವಿದ್ಯುತ್ತನ್ನು. ವೋಲ್ಟು ಇಳಿದಷ್ಟೂ ಆಂಪಿಯರು ಏರಬೇಕು. ೧೭೦ ವ್ಯಾಟಿನ ಕಾರ್ಡಿಗೆ ೧೪ ಆಂಪಿಯರ್. ೪೫೦ ವ್ಯಾಟಿನದಕ್ಕೆ ೩೭.೫ ಆಂಪಿಯರ್, ಎಂದರೆ ನಾಲ್ಕು ಗೀಸರುಗಳಿಗೂ ಮಿಕ್ಕಿದ ಪ್ರವಾಹ! ತಂತಿ ಬಿಸಿಯಾಗುವುದು ವ್ಯಾಟನ್ನು ನೋಡಿ ಅಲ್ಲ, ಆಂಪಿಯರನ್ನು ನೋಡಿ. ಅದೂ ವರ್ಗದ ಲೆಕ್ಕದಲ್ಲಿ. ಈ ಕಾರಣದಿಂದಲೇ ಒಂದೊಂದು ದಾರಿಗೂ ಒಂದೊಂದು ಮಿತಿಯನ್ನು ನಿಯಮಿಸಿದ್ದಾರೆ. ಕಾರ್ಡು ಕೂರುವ ಸೀಳಿನಿಂದ ೭೫ ವ್ಯಾಟ್; ಆರು ಪಿನ್ನಿನ ಪ್ಲಗ್ಗಿನಿಂದ ಮತ್ತೆ ೭೫; ಎಂಟು ಪಿನ್ನಿನದರಿಂದ ೧೫೦.

ಈ ೧೨ ವೋಲ್ಟನ್ನು ಸಿದ್ಧಪಡಿಸುವ ಅಡಿಗೆಮನೆಯೇ ಎಸ್.ಎಂ.ಪಿ.ಎಸ್. ಗೋಡೆಯಿಂದ ಬರುವ ವಿದ್ಯುತ್ತನ್ನು ಅದು ಮೊದಲು ಒಂದೇ ದಿಕ್ಕಿಗೆ ಹರಿಯುವಂತೆ ತಿದ್ದಿ, ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಚಿಕ್ಕದೊಂದು ಟ್ರಾನ್ಸ್‌ಫಾರ್ಮರಿನಲ್ಲಿ ಹಾಯಿಸಿ ಇಳಿಸುತ್ತದೆ. ಹಾಗೆ ಕತ್ತರಿಸದೆ ಇಳಿಸುವ ಹಳೆಯ ಪದ್ಧತಿಯಲ್ಲಿ ಕಬ್ಬಿಣದ ಭಾರ ಬಹಳ, ನಷ್ಟವಾಗುವ ಶಾಖವೂ ಬಹಳ. ೧೯೭೭ರಲ್ಲಿ ಬಂದ ಆ್ಯಪಲ್ ೨ ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬಾತ ಕತ್ತರಿಸಿ ಇಳಿಸುವ ಬಗೆಯ ಸಪ್ಲೈಯನ್ನು ರಚಿಸಿಕೊಟ್ಟ. ಇಂದು ಪ್ರತಿಯೊಂದು ಮನೆಯ ಕಂಪ್ಯೂಟರಿನಲ್ಲೂ ಇರುವುದು ಆ ಜಾತಿಯದೇ. ಜಾತಿ ಒಂದೇ ಆದರೂ ಗುಣದಲ್ಲಿ ಮಾತ್ರ ಅಜಗಜಾಂತರ.

ಈ ಅಂತರದ ಬೆಲೆಯನ್ನು ತಿಳಿಯಬೇಕಾದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಬೇಕು. ಎಸ್.ಪಿ. ರೋಡ್ ಎಂದರೆ ಎಲ್ಲರಿಗೂ ಗೊತ್ತು. ಕಂಪ್ಯೂಟರಿನ ಬಿಡಿಭಾಗಗಳಿಗೆ ಅದು ಪ್ರಸಿದ್ಧವಾದ ಪೇಟೆ. ಬ್ಯಾಂಕಿನಿಂದ ನಿವೃತ್ತರಾದ ಗೃಹಸ್ಥರೊಬ್ಬರು ಅನಿಮೇಷನ್ ಓದುತ್ತಿದ್ದ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದರು. ಕಾರ್ಡು ೩೦೬೦ ಎಂದು ಮೊದಲೇ ನಿಶ್ಚಯವಾಗಿತ್ತು. ಅದಕ್ಕೆ ಹೇಳಿದ ಬೆಲೆಯನ್ನು ಅವರು ಒಂದು ಮಾತೂ ಆಡದೆ ಕೊಟ್ಟರು. ಮಗಳ ಓದಿನ ವಿಷಯ. ಅಲ್ಲಿ ಜಿಪುಣತನ ಸಲ್ಲದು.

“ಅಪ್ಪ, ಎಸ್.ಎಂ.ಪಿ.ಎಸ್. ಒಂದು ಒಳ್ಳೇದು ತಗೋಬೇಕು” ಎಂದಳು ಮಗಳು.

“ಕ್ಯಾಬಿನೆಟ್ಟಿನ ಜೊತೇಲೇ ಒಂದು ಬರುತ್ತಲ್ಲಮ್ಮ? ಕರೆಂಟು ಕೊಡೋ ಡಬ್ಬಿಗೆ ಬೇರೆ ದುಡ್ಡು ಯಾಕೆ?”

ಅಂಗಡಿಯ ಹುಡುಗ ಡಬ್ಬಿಯನ್ನು ತಿರುಗಿಸಿ ತೋರಿಸಿದ. “ನಡೆಯುತ್ತೆ ಸರ್. ೪೫೦ ವ್ಯಾಟ್ ಅಂತ ಬರೆದಿದೆ ನೋಡಿ. ಎಂಟು ಪಿನ್ನಿಗೆ ಒಂದು ಕನ್ವರ್ಟರ್ ಹಾಕಿಕೊಡ್ತೀನಿ.”

‘ನಡೆಯುತ್ತೆ’ ಎಂಬ ಮಾತಿಗೆ ಮನಸೋಲದ ಮಧ್ಯಮ ವರ್ಗದವರು ವಿರಳ. ಎರಡು ಸಾವಿರ ರೂಪಾಯಿ ಉಳಿಯಿತು. ಕಂಪ್ಯೂಟರು ನಡೆಯಿತು ಕೂಡ. ಪತ್ರ ಬರೆಯುವಾಗ, ಪಾಠ ಕೇಳುವಾಗ, ಚಿತ್ರದ ಗೆರೆ ತಿದ್ದುವಾಗ ಯಾವ ತೊಂದರೆಯೂ ಇರಲಿಲ್ಲ. ನಾಲ್ಕು ತಿಂಗಳ ಮೇಲೆ, ಮೂರು ನಿಮಿಷದ ತನ್ನ ಚಿತ್ರಕ್ಕೆ ಬೆಳಕು ನೆರಳುಗಳನ್ನು ಕೂಡಿಸಿ ಪೂರ್ಣಗೊಳಿಸಲು ಹುಡುಗಿ ರಾತ್ರಿಯಿಡೀ ಯಂತ್ರವನ್ನು ದುಡಿಸತೊಡಗಿದಳು. ಹನ್ನೊಂದು ಗಂಟೆಗೆ ಫಕ್ಕನೆ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು, ಹತ್ತು ನಿಮಿಷದಲ್ಲಿ ಮತ್ತೆ ಕಪ್ಪು. ಮೊದಲು ಅವಳು ತನ್ನ ಕೆಲಸದಲ್ಲೇ ತಪ್ಪಿದೆಯೆಂದು ಭಾವಿಸಿ, ಚಿತ್ರವನ್ನು ಅಲ್ಲಲ್ಲಿ ಮೊಟಕುಮಾಡಿದಳು. ಆಮೇಲೆ ತಂದೆ ಕಾರ್ಡಿನ ಮೇಲೆ ಸಂಶಯಪಟ್ಟು ಅದನ್ನು ವಾರಂಟಿಗೆ ಕಳುಹಿಸಿದರು. ಮೂರು ವಾರಗಳ ನಂತರ ಅದು ‘ದೋಷವಿಲ್ಲ’ ಎಂಬ ಚೀಟಿಯೊಡನೆ ಮರಳಿತು. ಅಷ್ಟರಲ್ಲಿ ಕಾಲೇಜಿಗೆ ಚಿತ್ರ ಒಪ್ಪಿಸುವ ದಿನ ದಾಟಿಹೋಗಿತ್ತು. ಕಡೆಗೆ ನೆರೆಮನೆಯ ಹುಡುಗನೊಬ್ಬ ತನ್ನ ಎಸ್.ಎಂ.ಪಿ.ಎಸ್. ತಂದು ಜೋಡಿಸಿ ನೋಡಿದ. ಯಂತ್ರ ಬೆಳಗಿನ ತನಕ ಒಂದೇ ಸಮನೆ ದುಡಿಯಿತು.

ಇದನ್ನೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ ಹೇಳಿದ ಮಾತು ಒಂದೇ: “ಉಂಡವರ ಮೇಲೆ ತಪ್ಪು ಹೊರಿಸಿದಿರಿ, ಬಡಿಸುವವರ ಪಾತ್ರೇಲಿ ಎಷ್ಟಿದೆ ಅಂತ ಯಾರೂ ಇಣುಕಿ ನೋಡಲಿಲ್ಲ.”

ಇಡೀ ವಿಷಯದ ತಿರುಳು ಆ ಮಾತಿನಲ್ಲಿದೆ. ಉಣಿಸುವವನು ಸೋತಾಗ ಸೋಲು ಕಾಣಿಸಿಕೊಳ್ಳುವುದು ಉಣ್ಣುವವನ ಮುಖದಲ್ಲಿ. ಪರದೆ ಕಪ್ಪಾದರೆ ಕಾರ್ಡು ಕೆಟ್ಟಿದೆ ಎನ್ನುತ್ತಾರೆ; ಯಂತ್ರ ತಾನೇ ಆರಿ ಹತ್ತಿದರೆ ವೈರಸ್ಸು ಎನ್ನುತ್ತಾರೆ; ಮಕ್ಕಳ ಕೈಚಳಕದ ಮೇಲೂ ಆರೋಪ ಬರುತ್ತದೆ. ಮೂಲೆಯ ಡಬ್ಬಿ ಮಾತ್ರ ಎಲ್ಲ ವಿಚಾರಣೆಗಳಿಂದಲೂ ಪಾರಾಗುತ್ತದೆ.

ಆ ಡಬ್ಬಿಯ ಮೇಲೆ ಬರೆದ ೪೫೦ ಎಂಬ ಅಂಕೆ ಎಲ್ಲಿಂದ ಬಂತು? ಎಸ್.ಎಂ.ಪಿ.ಎಸ್. ೧೨ ವೋಲ್ಟನ್ನು ಮಾತ್ರವಲ್ಲದೆ ೫ ಮತ್ತು ೩.೩ ವೋಲ್ಟುಗಳನ್ನೂ ಬಡಿಸುತ್ತದೆ. ಅಗ್ಗದ ಡಬ್ಬಿಗಳಲ್ಲಿ ಇವೆಲ್ಲವನ್ನೂ ಕೂಡಿಸಿ, ಕೆಲವೊಮ್ಮೆ ಕ್ಷಣಮಾತ್ರ ಕೊಡಬಲ್ಲ ಶಕ್ತಿಯನ್ನೂ ಸೇರಿಸಿ, ದೊಡ್ಡ ಅಂಕೆಯೊಂದನ್ನು ಹಣೆಯ ಮೇಲೆ ಬರೆದಿರುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು! ಕಾರ್ಡು ಮತ್ತು ಪ್ರೊಸೆಸರ್ ಎರಡೂ ಉಣ್ಣುವುದು ಮುಖ್ಯವಾಗಿ ೧೨ ವೋಲ್ಟಿನ ಪಾತ್ರೆಯಿಂದ. ಆದುದರಿಂದ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ೧೨ ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆಯೋ ನೋಡಿ, ಅದನ್ನು ೧೨ರಿಂದ ಗುಣಿಸಬೇಕು. ನಿವೃತ್ತರ ಮನೆಯ ಡಬ್ಬಿಯಲ್ಲಿ ಇದ್ದುದು ೧೮ ಆಂಪಿಯರ್. ಗುಣಿಸಿದರೆ ೨೧೬ ವ್ಯಾಟ್. ಕಾರ್ಡಿಗೆ ೧೭೦, ಪ್ರೊಸೆಸರಿಗೆ ಎಂಬತ್ತರ ಮೇಲೆ ಬೇಕಾಗಿದ್ದ ಪಂಕ್ತಿಗೆ ಅದು ಹೇಗೆ ಸಾಕಾದೀತು? ಜೀವಮಾನವೆಲ್ಲ ಲೆಡ್ಜರು ನೋಡಿದ ಗೃಹಸ್ಥರಿಗೆ ಈ ಗುಣಾಕಾರ ಕಷ್ಟದ್ದಲ್ಲ. ಚೀಟಿಯನ್ನು ಓದಬೇಕೆಂಬುದಷ್ಟೇ ಅವರಿಗೆ ಯಾರೂ ಹೇಳಿರಲಿಲ್ಲ.

ಸರಿಯಾದ ಲೆಕ್ಕ ಹೀಗೆ. ಕಾರ್ಡಿಗೆ ೧೭೦. ೬೫ ವ್ಯಾಟ್ ಎಂದು ಹೆಸರು ಪಡೆದ ಪ್ರೊಸೆಸರ್ ಕಷ್ಟದ ಕೆಲಸದಲ್ಲಿ ೮೮ರವರೆಗೆ ಏರುವುದುಂಟು, ೯೦ ಎಂದಿಟ್ಟುಕೊಳ್ಳಬಹುದು. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ ೬೦. ಒಟ್ಟು ೩೨೦ ವ್ಯಾಟ್. ಹಾಗಾದರೆ ೩೫೦ ವ್ಯಾಟಿನದು ಸಾಲದೆ? ಕಾರ್ಡು ತಯಾರಿಸಿದವರು ೫೫೦ರದನ್ನು ಸೂಚಿಸುತ್ತಾರೆ. ಇದು ವ್ಯಾಪಾರದ ತಂತ್ರವಲ್ಲ. ಇದಕ್ಕೆ ಬೇರೆ ಕಾರಣಗಳುಂಟು.

ಮೊದಲನೆಯದು, ೧೭೦ ಎಂಬುದು ಸರಾಸರಿ. ಮುನ್ನೂರು ಮಂದಿಗೆ ಅಡಿಗೆ ಮಾಡಿಸಿದ ಮದುವೆಮನೆಯಲ್ಲಿ ಅನ್ನ ಸಾರು ಧಾರಾಳವಾಗಿಯೇ ಇರಬಹುದು. ಆದರೆ ಎಲ್ಲರೂ ಮೊದಲ ಪಂಕ್ತಿಯಲ್ಲೇ ಕುಳಿತು, ಏಕಕಾಲದಲ್ಲಿ ‘ಸಾರು, ಸಾರು’ ಎಂದು ಕೂಗಿದರೆ, ಸರಾಸರಿ ಯಾರ ಎಲೆಗೂ ಬೀಳುವುದಿಲ್ಲ. ಕಾರ್ಡಿನೊಳಗಿನ ಸಾವಿರಾರು ಕೂಲಿಗಳೂ ಹಾಗೆಯೇ ಒಮ್ಮೊಮ್ಮೆ ಒಟ್ಟಿಗೆ ಕೈಯೊಡ್ಡುತ್ತಾರೆ. ಸೆಕೆಂಡಿನ ಸಹಸ್ರಾಂಶಕ್ಕಿಂತಲೂ ಕಡಿಮೆ ಕಾಲ ಬೇಡಿಕೆ ಎರಡರಷ್ಟಕ್ಕೂ ನೆಗೆದು ಇಳಿಯುವುದುಂಟು. ಆ ಕ್ಷಣದಲ್ಲಿ ದುರ್ಬಲವಾದ ಸಪ್ಲೈಯಲ್ಲಿ ವೋಲ್ಟು ಕುಸಿಯುತ್ತದೆ, ಇಲ್ಲವೆ ಅದರ ರಕ್ಷಣೆಯ ಏರ್ಪಾಡು ಎಚ್ಚೆತ್ತು ಯಂತ್ರವನ್ನೇ ಆರಿಸುತ್ತದೆ. ಈ ನೆಗೆತಗಳನ್ನು ಲಕ್ಷ್ಯದಲ್ಲಿಟ್ಟೇ ಇಂಟೆಲ್ ಸಂಸ್ಥೆ ೨೦೨೨ರಲ್ಲಿ ಎ.ಟಿ.ಎಕ್ಸ್. ೩.೦ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಹದಿನಾರು ಪಿನ್ನಿನ ಹೊಸ ಪ್ಲಗ್ಗುಳ್ಳ, ೪೫೦ ವ್ಯಾಟಿಗೆ ಮೇಲ್ಪಟ್ಟ ಸಪ್ಲೈಗಳು ತಮ್ಮ ಶಕ್ತಿಯ ಎರಡರಷ್ಟನ್ನು ೧೦೦ ಮೈಕ್ರೋಸೆಕೆಂಡುಗಳ ಕಾಲ ತಾಳಿಕೊಳ್ಳಬೇಕೆಂದು ಅದರಲ್ಲಿ ವಿಧಿಸಿದೆ.

ಎರಡನೆಯದು ವಯಸ್ಸು. ಸಪ್ಲೈಯೊಳಗಿನ ಕೆಪ್ಯಾಸಿಟರುಗಳು ಶಾಖಕ್ಕೆ ಸೊರಗುತ್ತವೆ. ಹತ್ತು ಡಿಗ್ರಿ ತಂಪಾದ ಕಡೆ ಅವುಗಳ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಸದಾ ಉಸಿರುಗಟ್ಟಿ ದುಡಿಯುವ ಡಬ್ಬಿ ಬಿಸಿಯೇರಿ ಬೇಗ ಮುಪ್ಪಾಗುತ್ತದೆ. ಅರ್ಧ ಭಾರದಲ್ಲಿ ದುಡಿಯುವುದು ತಣ್ಣಗೆ, ಸದ್ದಿಲ್ಲದೆ ಬಾಳುತ್ತದೆ.

ಇದನ್ನು ಕೇಳಿದ ಗೃಹಿಣಿಯರು ಎತ್ತುವ ಆಕ್ಷೇಪ ಒಂದಿದೆ: ೫೫೦ ವ್ಯಾಟಿನದನ್ನು ತಂದರೆ ಕರೆಂಟಿನ ಬಿಲ್ಲೂ ಹೆಚ್ಚು ಬರುವುದಿಲ್ಲವೆ? ಬರುವುದಿಲ್ಲ. ದೊಡ್ಡ ಕೊಳಗವಿದೆಯೆಂದು ಯಾರೂ ಹೆಚ್ಚು ಉಣ್ಣುವುದಿಲ್ಲ. ಗೋಡೆಯಿಂದ ಎಳೆಯುವುದು ಕೇಳಿದಷ್ಟನ್ನು ಮಾತ್ರ, ಜೊತೆಗೆ ಬಡಿಸುವಾಗ ಚೆಲ್ಲುವಷ್ಟನ್ನು. ಈ ಚೆಲ್ಲುವಿಕೆಯನ್ನು ಅಳೆಯಲೆಂದೇ ೨೦೦೪ರಲ್ಲಿ ‘೮೦ ಪ್ಲಸ್’ ಎಂಬ ಮುದ್ರೆ ಆರಂಭವಾಯಿತು. ೧೧೫ ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಭಾರ ಹೊತ್ತಾಗ ಕಂಚಿನ ದರ್ಜೆಯದು ಶೇಕಡ ೮೫ರಷ್ಟನ್ನೂ, ಚಿನ್ನದ ದರ್ಜೆಯದು ೯೦ರಷ್ಟನ್ನೂ ಎಲೆಗೆ ಮುಟ್ಟಿಸಬೇಕು. ೩೦೦ ವ್ಯಾಟ್ ಬಡಿಸಲು ಕಂಚಿನದು ೩೫೩ ವ್ಯಾಟ್ ಎಳೆದರೆ ಚಿನ್ನದ್ದು ೩೩೩. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಕಂಚಿನದರಲ್ಲಿ ೪೨ ಯೂನಿಟ್, ಚಿನ್ನದ್ದರಲ್ಲಿ ೪೦. ವ್ಯತ್ಯಾಸ ಎರಡೇ ಯೂನಿಟ್. ಆದರೆ ಆ ನಲವತ್ತು ಅಲ್ಪವಲ್ಲ. ೨೦೨೩ರಲ್ಲಿ ಕರ್ನಾಟಕದಲ್ಲಿ ಬಂದ ಗೃಹಜ್ಯೋತಿಯ ೨೦೦ ಯೂನಿಟ್ಟಿನ ಗೆರೆಯನ್ನು ಕಾಯುವ ಮನೆಗಳು ಕಾರ್ಡನ್ನು ಕೊಳ್ಳುವಾಗಲೇ ಇದನ್ನು ಯೋಚಿಸಬೇಕು. ಮತ್ತೊಂದು ಮಾತು: ಆ ಮುದ್ರೆಯ ಪರೀಕ್ಷೆ ನಡೆಯುವುದು ೨೩ ಡಿಗ್ರಿಯ ತಂಪಿನಲ್ಲಿ. ರಾಯಚೂರಿನ ಏಪ್ರಿಲ್ ತಿಂಗಳಿಗೆ ಅದು ಸಾಕ್ಷಿ ಹೇಳುವುದಿಲ್ಲ. ಚೆಲ್ಲದೆ ಬಡಿಸುತ್ತಾನೆಂಬುದಕ್ಕೆ ಅದು ಪ್ರಮಾಣಪತ್ರವೇ ಹೊರತು, ಬೆಂಕಿ ಬಿದ್ದಾಗ ಪಂಕ್ತಿಯನ್ನು ಕಾಪಾಡುತ್ತಾನೆಂಬುದಕ್ಕಲ್ಲ. ಅತಿಭಾರ, ಅತಿವೋಲ್ಟು, ಶಾರ್ಟ್ ಸರ್ಕ್ಯೂಟುಗಳ ವಿರುದ್ಧ ರಕ್ಷಣೆಯಿದೆಯೆ ಎಂದು ಬೇರೆಯಾಗಿಯೇ ವಿಚಾರಿಸಬೇಕು.

ಕರೆಂಟು ಹೋಗಿಬರುವ ಮನೆಗಳಲ್ಲಿ ಯು.ಪಿ.ಎಸ್. ಇರುವುದು ಸಹಜ. ಅಲ್ಲಿಯೂ ಇದೇ ಎಚ್ಚರ ಬೇಕು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ೬೦೦ ವಿ.ಎ. ಎಂಬುದು ೬೦೦ ವ್ಯಾಟ್ ಅಲ್ಲ. ಅದು ಹೊರುವುದು ಬಹುಮಟ್ಟಿಗೆ ೩೬೦ ವ್ಯಾಟ್ ಮಾತ್ರ. ೩೫೩ ವ್ಯಾಟ್ ಎಳೆಯುವ ಯಂತ್ರದ ಜೊತೆಗೆ ಮಾನಿಟರನ್ನೂ ಅದಕ್ಕೆ ಗಂಟುಹಾಕಿದರೆ, ಕರೆಂಟು ಹೋದಾಗ ಆಸರೆಯಾಗಬೇಕಾದುದೇ ಮೊದಲು ಕೈಬಿಡುತ್ತದೆ.

ಇನ್ನು ದೊಡ್ಡ ಕಾರ್ಡುಗಳ ಮಾತು. ಹದಿನಾರು ಪಿನ್ನಿನ ಹೊಸ ಪ್ಲಗ್ಗು ಒಂದೇ ೬೦೦ ವ್ಯಾಟ್ ಹೊರಬಲ್ಲದೆಂದು ನಿಯಮ. ಅಂದರೆ ೫೦ ಆಂಪಿಯರ್. ಅದನ್ನು ಹಂಚಿಕೊಳ್ಳುವುದು ಆರು ಪಿನ್ನುಗಳು. ಕಡ್ಡಿಯಂತಹ ಒಂದೊಂದು ಪಿನ್ನಿನ ಪಾಲಿಗೂ ಹತ್ತಿರ ಹತ್ತಿರ ಒಂದು ಗೀಸರಿನ ಪ್ರವಾಹ! ೨೦೨೨ರ ಅಕ್ಟೋಬರಿನಲ್ಲಿ ೪೦೯೦ ಕಾರ್ಡು ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಹಲವರ ಪ್ಲಗ್ಗುಗಳು ಕರಗಿದ ವರದಿಗಳು ಬಂದವು. ಪ್ಲಗ್ಗು ಪೂರ್ತಿಯಾಗಿ ಒಳಗೆ ಕೂರದಿರುವುದು ಸಾಮಾನ್ಯವಾಗಿ ಕಂಡುಬಂದ ಕಾರಣವೆಂದು ತಯಾರಕರು ಹೇಳಿದರು. ೨೦೨೩ರಲ್ಲಿ ಅದರ ರಚನೆಯನ್ನು ತಿದ್ದಿ, ಪೂರ್ತಿ ಕೂರದಿದ್ದರೆ ಅದನ್ನು ಅರಿಯುವಂತೆ ಸಂಕೇತದ ಪಿನ್ನುಗಳನ್ನು ಮೊಟಕುಗೊಳಿಸಿದರು. ಆದರೂ ೨೦೨೫ರಲ್ಲಿ ೫೦೯೦ರ ವಿಷಯದಲ್ಲಿ ಅಂತಹ ವರದಿಗಳು ಮತ್ತೆ ಕೇಳಿಬಂದವು. ಅಡಿಗೆಯೂ ಸಾಕಷ್ಟಿದ್ದು, ಬಡಿಸುವವರೂ ಸಮರ್ಥರಿದ್ದು, ನಡುವಣ ಸೌಟಿನ ಹಿಡಿಯೇ ಸಡಿಲವಾದರೆ ಕೈ ಸುಡುತ್ತದೆ. ಪ್ಲಗ್ಗನ್ನು ಕೊನೆಯವರೆಗೆ ಒತ್ತುವುದು, ಅದರ ಬುಡದಲ್ಲೇ ತಂತಿಯನ್ನು ಮಡಿಸದಿರುವುದು, ಕನ್ವರ್ಟರುಗಳ ಸಹವಾಸವನ್ನು ಬಿಡುವುದು, ಇವಕ್ಕೆ ಕಾಸು ಬೇಕಾಗಿಲ್ಲ.

ಇಷ್ಟೆಲ್ಲ ಕೇಳಿ ಬೆದರಿ, ಚಿಕ್ಕ ಕಾರ್ಡಿಗೆ ೧೦೦೦ ವ್ಯಾಟಿನ ಡಬ್ಬಿಯನ್ನು ಹೊತ್ತು ತರುವವರೂ ಉಂಟು. ಅದೂ ಬೇಡ. ಇಬ್ಬರ ಸಂಸಾರಕ್ಕೆ ಮದುವೆಮನೆಯ ಹಂಡೆ ಏಕೆ? ಲೆಕ್ಕಕ್ಕೆ ಬಂದ ವ್ಯಾಟಿನ ಮೇಲೆ ಅರ್ಧದಷ್ಟು ಸೇರಿಸಿ, ಕಾರ್ಡಿನವರು ಸೂಚಿಸಿದ ಅಂಕೆಯೊಡನೆ ಹೋಲಿಸಿ, ಎರಡರಲ್ಲಿ ದೊಡ್ಡದನ್ನು ಆರಿಸಿದರೆ ಸಾಕು. ಉಳಿದ ಹಣವನ್ನು ಗಾತ್ರಕ್ಕಲ್ಲದೆ ಗುಣಕ್ಕೆ ಕೊಡಬೇಕು. ಒಳ್ಳೆಯ ಸಪ್ಲೈಗಳಿಗೆ ಏಳು, ಹತ್ತು ವರ್ಷಗಳ ವಾರಂಟಿ ಕೊಡುವ ತಯಾರಕರಿದ್ದಾರೆ. ಅಷ್ಟರಲ್ಲಿ ಕಾರ್ಡುಗಳು ಎರಡು ಮೂರು ಬಂದು ಹೋಗಿರುತ್ತವೆ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿ, ತನ್ನ ಸಂಬಳದಲ್ಲಿ ಹೊಸ ಕಾರ್ಡೊಂದನ್ನು ಕೊಂಡು ತಂದ ದಿನವೂ ಆ ಹಳೆಯ ಡಬ್ಬಿ ಮೂಲೆಯಲ್ಲಿ ಕುಳಿತು ಅದಕ್ಕೂ ಉಣಿಸುತ್ತಿರುತ್ತದೆ. ಆಗಲೂ ಮನೆಗೆ ಬಂದವರೆಲ್ಲ ಹೊಗಳುವುದು ಕಾರ್ಡನ್ನೇ. ಡಬ್ಬಿಯ ಮಾತನ್ನು ಯಾರೂ ಎತ್ತದಿದ್ದರೆ, ಅದನ್ನು ಆರಿಸಿದವರು ಸರಿಯಾಗಿಯೇ ಆರಿಸಿದ್ದರೆಂದು ತಿಳಿಯಬಹುದು.